ಹನ್ನೆರಡನೇ ಚೌಕದ ‘ಡಬ್ಲ್ಯೂ’

ಅಮೆರಿಕದಲ್ಲಿ ನೌಕರಿ ಮಾಡುವವರಿಗೆ ಜನವರಿ ಮುಗಿಯುವ ಹೊತ್ತಿಗೆ ಕಂಪನಿಯಿಂದ ಡಬ್ಲ್ಯೂ-2 ಬರುತ್ತದೆ. ನಮ್ಮ ಫಾರ್ಮ್ 16 ಇದ್ದಂತೆ. ಅದರ ಹನ್ನೆರಡನೇ ಚೌಕದಲ್ಲಿ ‘ಡಬ್ಲ್ಯೂ’ ಎಂಬ ಒಂದಕ್ಷರ, ಪಕ್ಕದಲ್ಲೊಂದು ಮೊತ್ತ ಇದ್ದರೆ, ಹೆಲ್ತ್ ಸೇವಿಂಗ್ಸ್ ಅಕೌಂಟ್‌ಗೆ (ಎಚ್‌ಎಸ್‌ಎ) ಆ ವರ್ಷ ಕಂಪನಿಯ ಮೂಲಕ ಹೋದ ಹಣ ಅದು. ಸಲ್ಲಿಸಿ ಮರೆತ ರಿಟರ್ನನ್ನು ಮತ್ತೆ ಹೊರತೆಗೆದು ತಿದ್ದುವ ಕಷ್ಟ ಕೆಲವರಿಗೆ ಶುರುವಾಗುವುದು ಇಲ್ಲಿಂದಲೇ.

ಎಚ್‌ಎಸ್‌ಎ ಹುಟ್ಟಿದ್ದು 2003ರ ಡಿಸೆಂಬರಿನಲ್ಲಿ, ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದ ಮೆಡಿಕೇರ್ ಕಾನೂನಿನ ಜೊತೆಯಲ್ಲಿ. ಆಸ್ಪತ್ರೆ ಖರ್ಚಿನ ಮೊದಲ ಕೆಲವು ಸಾವಿರ ಡಾಲರ್‌ಗಳನ್ನು ಕೈಯಿಂದಲೇ ಕಟ್ಟಬೇಕಾದ ವಿಮೆ ತೆಗೆದುಕೊಂಡವರಿಗೆ ಮಾತ್ರ ಈ ಖಾತೆ. ಹಾಕುವಾಗ ತೆರಿಗೆಯಿಲ್ಲ, ಬೆಳೆದದ್ದಕ್ಕೆ ತೆರಿಗೆಯಿಲ್ಲ, ಚಿಕಿತ್ಸೆಗೆಂದು ತೆಗೆದರೆ ಆಗಲೂ ಇಲ್ಲ. ಇಷ್ಟು ಉದಾರವಾದ ಸವಲತ್ತು ಅಲ್ಲಿನ ತೆರಿಗೆ ಕಾನೂನಿನಲ್ಲಿ ಅಪರೂಪ. ಅದಕ್ಕೇ ವರ್ಷಕ್ಕೊಂದು ಮಿತಿಯೂ ಇದೆ: 2024ರಲ್ಲಿ ಒಬ್ಬರಿಗೆ 4,150 ಡಾಲರ್, ಕುಟುಂಬಕ್ಕೆ 8,300.

ಗೊಂದಲ ಇರುವುದು ಆ ಹಣ ಯಾರದೆಂಬುದರಲ್ಲಿ. ಕುಟುಂಬ ವಿಮೆಯಿರುವ ಒಬ್ಬ ನೌಕರನನ್ನು ಊಹಿಸಿಕೊಳ್ಳೋಣ. ಕಂಪನಿ 2,000 ಡಾಲರ್ ಹಾಕಿತು. ತಿಂಗಳು ತಿಂಗಳು ಅವನ ಸಂಬಳದಿಂದ ಮುರಿದುಕೊಂಡದ್ದು 6,300. ಅವನ ಲೆಕ್ಕದಲ್ಲಿ ಕಂಪನಿಯದು ಎರಡು ಸಾವಿರ, ಮಿಕ್ಕಿದ್ದು ತನ್ನ ಬೆವರಿನ ಹಣ. ತೆರಿಗೆ ಇಲಾಖೆಯ ಲೆಕ್ಕ ಬೇರೆ. ತೆರಿಗೆಗೆ ಮುಂಚೆಯೇ ಸಂಬಳದಿಂದ ಹೋದದ್ದೂ ಕಂಪನಿಯ ಕೊಡುಗೆಯೇ. ಹಾಗಾಗಿ ಹನ್ನೆರಡನೇ ಚೌಕದಲ್ಲಿ 8,300 ಎಂದು ಒಟ್ಟಿಗೇ ಅಚ್ಚಾಗಿರುತ್ತದೆ, ಒಡೆದು ತೋರಿಸುವುದಿಲ್ಲ.

ಅವನು ಫಾರ್ಮ್ 8889 ತುಂಬಲು ಕೂರುತ್ತಾನೆ. ಎರಡನೇ ಸಾಲು ‘ನೀವು ಹಾಕಿದ್ದು’, ಒಂಬತ್ತನೇ ಸಾಲು ‘ಕಂಪನಿ ಹಾಕಿದ್ದು’. ಎರಡನೇ ಸಾಲಿನಲ್ಲಿ 6,300 ಬರೆದು ಒಂಬತ್ತನೆಯದನ್ನು ಖಾಲಿ ಬಿಟ್ಟರೆ ಮುಗಿಯಿತು. ಸಂಬಳದ ಅಂಕಿಯಿಂದ ಆಗಲೇ ಕಳೆದಿದ್ದ ಹಣ ಇನ್ನೊಮ್ಮೆ ಕಳೆಯುತ್ತದೆ. ಶೇ 22ರ ಹಂತದಲ್ಲಿರುವವನಿಗೆ 1,386 ಡಾಲರ್ ಹಕ್ಕಿಲ್ಲದೆ ಉಳಿಯಿತು. ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. ವಿಮೆ ಯಾವ ಬಗೆಯದು ಎಂಬ ಪ್ರಶ್ನೆಗೆ ಉತ್ತರಿಸದೆ ದಾಟಿದರೆ, ತೆರಿಗೆ ತಂತ್ರಾಂಶ ಇಡೀ 8,300 ಡಾಲರನ್ನು ಆದಾಯವೆಂದೇ ಎಣಿಸಬಹುದು. ಆಗ ಕಳೆದುಕೊಳ್ಳುವವನು ನೌಕರ.

ಎರಡಕ್ಕೂ ಮದ್ದು 1040-ಎಕ್ಸ್ ಎಂಬ ತಿದ್ದುಪಡಿ ಅರ್ಜಿ. ಮೊದಲು ಬರೆದದ್ದು, ವ್ಯತ್ಯಾಸ, ಸರಿಯಾದದ್ದು ಎಂದು ಮೂರು ಕಾಲಂ. ಕಾರಣ ಹೇಳಲು ಒಂದಿಷ್ಟು ಜಾಗ. ಜೊತೆಗೆ ಸರಿಪಡಿಸಿದ 8889. 2020ರಿಂದ ಇದನ್ನು ಕಂಪ್ಯೂಟರಿನಲ್ಲೇ ಕಳಿಸಬಹುದು. ಮರುಪಾವತಿ ಕೇಳುವವರಿಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ತೆರಿಗೆ ಬಾಕಿಯಿರುವವರು ಕಾಯುವುದರಲ್ಲಿ ಅರ್ಥವಿಲ್ಲ, ಬಡ್ಡಿ ಓಡುತ್ತಲೇ ಇರುತ್ತದೆ. ತಿದ್ದಿದರೆ ಇಲಾಖೆಯ ಕಣ್ಣು ತಮ್ಮ ಮೇಲೆ ಬೀಳುತ್ತದೆಂದು ವೀಸಾದ ಮೇಲಿರುವವರು ಹೆದರುವುದು ಸಹಜ. ಆದರೆ ನಿಯಮ ಇರುವುದು ತಿದ್ದುವವರ ಪರವಾಗಿ. ಇಲಾಖೆ ಸಂಪರ್ಕಿಸುವ ಮೊದಲೇ ತಾವಾಗಿ ಸರಿಪಡಿಸಿದವರು, ಪ್ರಾಮಾಣಿಕ ತಪ್ಪಾಗಿದ್ದರೆ, ಶೇ 20ರ ದಂಡದಿಂದ ಪಾರಾಗಬಹುದು.

ಕನ್ನಡಿಗರು ದಂಡಿಯಾಗಿರುವ ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿಗಳಲ್ಲಿ ಇನ್ನೊಂದು ಪೇಚು. ಕೇಂದ್ರದ ಈ ರಿಯಾಯಿತಿಯನ್ನು ಈ ಎರಡು ರಾಜ್ಯಗಳು ಒಪ್ಪುವುದೇ ಇಲ್ಲ, ಕಂಪನಿ ಕೊಟ್ಟ ಹಣಕ್ಕೂ ರಾಜ್ಯದ ತೆರಿಗೆ ಹಾಕುತ್ತವೆ. ಆದ್ದರಿಂದಲೇ ಅಲ್ಲಿನ ಡಬ್ಲ್ಯೂ-2ರಲ್ಲಿ ಮೊದಲ ಚೌಕದ ಸಂಬಳಕ್ಕೂ ಹದಿನಾರನೇ ಚೌಕದ ಸಂಬಳಕ್ಕೂ ತಾಳೆಯಾಗುವುದಿಲ್ಲ. ನೋಡಿದವರು ಕಂಪನಿಯೇ ತಪ್ಪು ಮಾಡಿದೆ ಎಂದುಕೊಳ್ಳುತ್ತಾರೆ.

ಇಷ್ಟೆಲ್ಲಕ್ಕೂ ನೌಕರನ ಅಜಾಗ್ರತೆಯೊಂದನ್ನೇ ದೂರುವುದು ನ್ಯಾಯವಲ್ಲ. ಡಬ್ಲ್ಯೂ-2ರ ಪ್ರತಿ ಸರ್ಕಾರದ ಬಳಿ ಇದೆ. ಖಾತೆ ನಡೆಸುವ ಸಂಸ್ಥೆಯೂ 5498-ಎಸ್‌ಎ ಎಂಬ ವಿವರವನ್ನು ಇಲಾಖೆಗೆ ಕಳಿಸುತ್ತದೆ. ಅದರ ಪ್ರತಿ ಖಾತೆದಾರನ ಕೈಗೆ ಮೇ ತಿಂಗಳಲ್ಲಿ ಬಂದರೂ ಆಯಿತು, ರಿಟರ್ನಿನ ಕೊನೆಯ ದಿನವಾದ ಏಪ್ರಿಲ್ 15 ಕಳೆದ ಮೇಲೆ! ಅಂಕಿಗಳು ತನ್ನಲ್ಲೇ ಇದ್ದರೂ ಅವನ್ನೇ ನಾಗರಿಕನಿಂದ ಮತ್ತೆ ಬರೆಸುವ ವ್ಯವಸ್ಥೆ, ಉತ್ತರ ಗೊತ್ತಿದ್ದೂ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸಿ ಕೇಳುವ ಮೇಷ್ಟರ ಜಾತಿಯದು. ಭಾರತದ ತೆರಿಗೆ ಜಾಲತಾಣಕ್ಕೆ ನೂರು ದೂರುಗಳಿರಬಹುದು. ಆದರೂ 2021ರಿಂದ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬಡ್ಡಿ, ಡಿವಿಡೆಂಡ್, ಷೇರು ವ್ಯವಹಾರಗಳು ಮುಂಚೆಯೇ ಕಾಣುತ್ತವೆ. ಅರ್ಜಿಯ ಬಹುಭಾಗ ತುಂಬಿಯೇ ಬರುತ್ತದೆ. ರಿಟರ್ನ್ ಸಲ್ಲಿಸಲೆಂದು ಅಮೆರಿಕ ತಾನೇ ನಡೆಸಿದ ಡೈರೆಕ್ಟ್ ಫೈಲ್ ಎಂಬ ಉಚಿತ ಸೇವೆಯಾದರೋ 2024ರಲ್ಲಿ 12 ರಾಜ್ಯಗಳಲ್ಲಿ ಶುರುವಾಗಿ, ಮರುವರ್ಷ 25ಕ್ಕೆ ಬೆಳೆದು, 2026ಕ್ಕೆ ಬಾಗಿಲು ಹಾಕಿತು.

ಅಷ್ಟು ದೊಡ್ಡ ಸುಧಾರಣೆ ಆಗದಿದ್ದರೂ ಚಿಕ್ಕದೊಂದು ಆಗಬಹುದು. ‘ಡಬ್ಲ್ಯೂ’ವನ್ನು ಎರಡಾಗಿ ಒಡೆದು, ಕಂಪನಿ ಕೊಟ್ಟದ್ದಕ್ಕೊಂದು, ಸಂಬಳದಿಂದ ಮುರಿದದ್ದಕ್ಕೊಂದು ಸಂಕೇತ ಕೊಡಲಿ; ಎರಡೂ ಒಂಬತ್ತನೇ ಸಾಲಿಗೇ ಹೋಗಬೇಕೆಂದು ಪಕ್ಕದಲ್ಲೇ ಅಚ್ಚು ಹಾಕಲಿ. ಹೊಸ ಸಂಕೇತ ಸೇರಿಸುವುದು ಕಷ್ಟವೆನ್ನುವಂತಿಲ್ಲ. ಟಿಪ್ಸ್ ಮತ್ತು ಓವರ್‌ಟೈಮ್ ರಿಯಾಯಿತಿಗಳಿಗಾಗಿ 2026ರ ಡಬ್ಲ್ಯೂ-2ರ ಇದೇ ಹನ್ನೆರಡನೇ ಚೌಕಕ್ಕೆ ಹೊಸ ಸಂಕೇತಗಳು ಬಂದಿವೆ.