ಸರ್ಕಾರಿ ವಿಶ್ವವಿದ್ಯಾಲಯ ಮುಚ್ಚಿದರೆ ಮುಚ್ಚುವುದು ಯಾರ ಬಾಗಿಲು?

ಹಾಸ್ಟೆಲ್ ಗೆಳೆಯರೇ, ಗೆಳತಿಯರೇ,

2025ರ ಫೆಬ್ರವರಿಯಲ್ಲಿ ರಾಜ್ಯ ಸಂಪುಟದ ಉಪಸಮಿತಿಯೊಂದು ಒಂಬತ್ತು ಹೊಸ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಮುಚ್ಚಿಬಿಡೋಣ ಎಂದು ಶಿಫಾರಸು ಮಾಡಿತು. ಚಾಮರಾಜನಗರ, ಹಾಸನ, ಮಂಡ್ಯ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ... ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿ. ಇವು ನಮ್ಮ ಹಟ್ಟಿ, ಹೊಲಗೇರಿ, ಮಾದಿಗರ ಕೇರಿ, ಹಾಡಿಗಳಿರುವ ಜಿಲ್ಲೆಗಳು. ಚಾಮರಾಜನಗರದ ವಿಶ್ವವಿದ್ಯಾಲಯ ಬೆಳೆದದ್ದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಿಂದ. ಆ ಕೇಂದ್ರಕ್ಕಿದ್ದ ಹೆಸರು ಡಾ. ಬಿ.ಆರ್. ಅಂಬೇಡ್ಕರ್ ಅವರದು.

ಯಾಕೆ ಮುಚ್ಚಬೇಕು? ದುಡ್ಡಿಲ್ಲವಂತೆ.

ಈ 'ದುಡ್ಡಿಲ್ಲ' ಎನ್ನುವ ಮಾತು ನಮಗೆ ಹೊಸದಲ್ಲ. ಹಾಸ್ಟೆಲ್ಲಿನ ಬೇಳೆಸಾರು ನೀರಾದಾಗ ಕೇಳಿದ್ದೇವೆ, ವಿದ್ಯಾರ್ಥಿವೇತನ ವರ್ಷ ಮುಗಿದರೂ ಬಾರದಿದ್ದಾಗ ಕೇಳಿದ್ದೇವೆ. ಆದರೆ ಅದೇ ವಿಧಾನಸೌಧದಲ್ಲಿ ಖಾಸಗಿ ವಿಶ್ವವಿದ್ಯಾಲಯಗಳಿಗೆ ಒಂದೊಂದಕ್ಕೆ ಒಂದೊಂದು ಕಾಯ್ದೆ ಪಾಸಾಗುತ್ತದೆ. ಅಲ್ಲಿ ಯಾರೂ 'ಇಷ್ಟೊಂದು ವಿಶ್ವವಿದ್ಯಾಲಯ ಯಾಕಪ್ಪ' ಎಂದು ಕೇಳುವುದಿಲ್ಲ. ದುಡ್ಡಿದ್ದವನಿಗೆ ಎಷ್ಟು ಬಾಗಿಲಾದರೂ ಇರಲಿ, ಇಲ್ಲದವನಿಗೆ ಒಂದಿದ್ದರೂ ಹೆಚ್ಚಾಯಿತು. ಇದೇ ನಮ್ಮ ಆಳುವವರ ಲೆಕ್ಕ.

ಮುಚ್ಚುವುದಿಲ್ಲ, ಹಳೇ ವಿಶ್ವವಿದ್ಯಾಲಯಕ್ಕೆ ಸೇರಿಸುತ್ತೇವೆ ಎಂದು ಸಮಜಾಯಿಷಿ ಕೊಡುತ್ತಾರೆ. ಆ ಹಳೆಯವುಗಳ ಸ್ಥಿತಿ ಏನು? ನಿವೃತ್ತರಿಗೆ ಪಿಂಚಣಿ ಕೊಡಲು ತಿಣುಕುತ್ತಿವೆ. ಖಾಯಂ ಮೇಷ್ಟ್ರುಗಳ ಹುದ್ದೆ ಖಾಲಿ ಬಿದ್ದಿವೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಬೆವರಿನಿಂದ. ಮುಳುಗುತ್ತಿರುವ ದೋಣಿಗೆ ಇನ್ನೊಂದು ದೋಣಿ ಕಟ್ಟಿದರೆ ಎರಡೂ ದಡ ಸೇರುತ್ತವೆಯೇ? ಮನೆಯಿಂದ ಬಸ್ಸಿನಲ್ಲಿ ಹೋಗಿ ಎಂ.ಎ. ಓದುವ ಹೆಣ್ಣುಮಗಳಿಗೆ 'ಇನ್ನು ದೂರದ ಊರಿಗೆ ಹೋಗಿ ಓದು' ಎಂದರೆ ಅವಳ ಮನೆಯಲ್ಲಿ ಏನು ತೀರ್ಮಾನವಾಗುತ್ತದೆ ಎಂಬುದು ನಮಗೆ ಗೊತ್ತು. ಉಪಸಮಿತಿಗೆ ಗೊತ್ತಿಲ್ಲ.

ಸ್ವಲ್ಪ ಚರಿತ್ರೆ ನೋಡೋಣ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಸರ್ಕಾರಿ ಹುದ್ದೆಗಳೆಲ್ಲ ಒಂದೇ ಜಾತಿಯ ಕೈಲಿವೆ ಎಂಬ ಕೂಗೆದ್ದು 1918ರಲ್ಲಿ ಮಿಲ್ಲರ್ ಸಮಿತಿ ಬಂತು. ಆ ಕಾಲದಲ್ಲೇ ಭೂಮಿಯಿದ್ದ ಜಾತಿಗಳು ಸಂಘ ಕಟ್ಟಿದವು, ಮಠಗಳು ಹಾಸ್ಟೆಲ್ ತೆರೆದವು, ಮುಂದೆ ಅವೇ ಕಾಲೇಜುಗಳಾದವು. ಅವರು ಕಟ್ಟಿದ್ದು ತಪ್ಪಲ್ಲ. ಆದರೆ ನಮಗೆ ಭೂಮಿಯಿರಲಿಲ್ಲ, ಮಠವಿರಲಿಲ್ಲ, ದೇಣಿಗೆ ಕೊಡುವ ಸಾಹುಕಾರನೂ ಇರಲಿಲ್ಲ. ನಮಗಿದ್ದದ್ದು ಸರ್ಕಾರಿ ಶಾಲೆ, ಸರ್ಕಾರಿ ಹಾಸ್ಟೆಲ್, ಸರ್ಕಾರಿ ವಿಶ್ವವಿದ್ಯಾಲಯ, ಅಷ್ಟೆ. 1973ರಲ್ಲಿ ಬಸವಲಿಂಗಪ್ಪನವರ 'ಬೂಸಾ' ಮಾತಿಗೆ ಬೆಂಕಿ ಹತ್ತಿದಾಗ ಏಟು ತಿಂದವರು ಹಾಸ್ಟೆಲ್ ಹುಡುಗರು. ಆ ಏಟಿನಿಂದಲೇ ದಲಿತ ಚಳವಳಿ ಎದ್ದು ನಿಂತಿತು. ಸರ್ಕಾರಿ ಹಾಸ್ಟೆಲ್ ಮತ್ತು ಸರ್ಕಾರಿ ವಿಶ್ವವಿದ್ಯಾಲಯ ಇಲ್ಲದಿದ್ದರೆ ನಮಗೆ ಪದವಿ ಮಾತ್ರ ಅಲ್ಲ, ಬಾಯಿಯೂ ಇರುತ್ತಿರಲಿಲ್ಲ.

ಈಗ ಖಾಸಗಿಯವರ ಕತೆ ಕೇಳಿ. ಕ್ಯಾಪಿಟೇಷನ್ ಶುಲ್ಕದ ಮಾರುಕಟ್ಟೆಯಲ್ಲಿ ಕರ್ನಾಟಕ ದೇಶಕ್ಕೇ ಹೆಸರುವಾಸಿ. ಅದನ್ನು ನಿಷೇಧಿಸಿ 1984ರಲ್ಲಿ ಕಾಯ್ದೆ ಮಾಡಿದವರೇ 1989ರಲ್ಲಿ ದರಪಟ್ಟಿ ಹೊರಡಿಸಿದರು: ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ. ಸಂತೆಯಲ್ಲಿ ಎತ್ತಿಗೆ ಬೆಲೆ ಕಟ್ಟಿದ ಹಾಗೆ! 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಕ್ಯಾಪಿಟೇಷನ್ನೇ, ಇದು ನಡೆಯದು ಎಂದಿತು. 1993ರ ಉನ್ನಿಕೃಷ್ಣನ್ ತೀರ್ಪಿನಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧ ಸೀಟು ಅಗ್ಗದ ಸೀಟಾಯಿತು. 1994ರಿಂದ ರಾಜ್ಯದಲ್ಲಿ ಸಿ.ಇ.ಟಿ. ಬಂತು. ಕೂಲಿಕಾರರ ಮಕ್ಕಳು ಸ್ಟೆಥಾಸ್ಕೋಪ್ ಹಿಡಿದರು.

ಅಷ್ಟು ಸಾಕಾಯಿತು ನೋಡಿ! 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ವ್ಯವಸ್ಥೆಯನ್ನು ತಳ್ಳಿಹಾಕಿತು. ಕಾಲೇಜು ನಡೆಸುವುದೂ ಒಂದು ಕಸುಬು, ಲಾಭಕೋರತನ ಕೂಡದು, ಆದರೆ ಸಮಂಜಸವಾದ ಮಿಗುತಾಯ ಇರಬಹುದು ಎಂದಿತು. 2005ರಲ್ಲಿ ಇನಾಂದಾರ್ ತೀರ್ಪು: ಅನುದಾನ ಪಡೆಯದ ಖಾಸಗಿ ಕಾಲೇಜುಗಳ ಮೇಲೆ ಸರ್ಕಾರ ಮೀಸಲಾತಿ ಹೇರುವಂತಿಲ್ಲ. ಇದಕ್ಕೆ ಉತ್ತರವಾಗಿ ಸಂಸತ್ತು 93ನೇ ತಿದ್ದುಪಡಿ ತಂದು ಸಂವಿಧಾನಕ್ಕೆ 15(5)ನೇ ವಿಧಿ ಸೇರಿಸಿತು. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟು ಉಳಿದ ಖಾಸಗಿ ಸಂಸ್ಥೆಗಳಲ್ಲೂ ಮೀಸಲಾತಿ ತರಬಹುದು ಎಂದಾಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ಸರಿ, ಕಾನೂನು ಎಲ್ಲಿ? 2006ರಲ್ಲಿ ಕೇಂದ್ರ ಕಾಯ್ದೆಯೇನೋ ಬಂತು. ಅದು ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಮಾತ್ರ. ಖಾಸಗಿಗೆ ಅನ್ವಯಿಸುವ ಕೇಂದ್ರ ಕಾಯ್ದೆ ಆಮೇಲೆ ಎರಡು ದಶಕವಾದರೂ ಬರಲಿಲ್ಲ. ಯು.ಪಿ.ಎ. ಬಂತು, ಹೋಯಿತು. ಎನ್.ಡಿ.ಎ. ಬಂತು, ಕೂತಿತು. 2025ರ ಆಗಸ್ಟಿನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೇ ಕಾನೂನು ಮಾಡಿ ಎಂದು ಹೇಳಬೇಕಾಯಿತು. ಅದು ನೋಡಿದ ಹೆಸರಾಂತ ಖಾಸಗಿ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ನೂರಕ್ಕೆ ಒಬ್ಬರೂ ಇಲ್ಲ! ಊರ ಬಾವಿಗೆ ಬೇಲಿ ಹಾಕುತ್ತಿದ್ದರು. ಈಗ ಬೇಲಿ ಬೇಡ, ಫೀಸು ಸಾಕು.

'ಖಾಸಗಿಯವರು ತಮ್ಮ ದುಡ್ಡಲ್ಲಿ ನಡೆಸುತ್ತಾರೆ, ನೀವ್ಯಾರು ಕೇಳೋಕೆ?' ಎನ್ನುವವರಿದ್ದಾರೆ. ತಮ್ಮ ದುಡ್ಡೇ? ಜಮೀನು ಮಂಜೂರು ಮಾಡಿದ್ದು ಯಾರು? ತೆರಿಗೆ ವಿನಾಯಿತಿ ಯಾರದ್ದು? ಸಿ.ಇ.ಟಿ. ಸೀಟಿಗೆ ಸೇರಿದ ನಮ್ಮ ಮಕ್ಕಳ ಹೆಸರಲ್ಲಿ ಸರ್ಕಾರ ಕಟ್ಟುವ ಶುಲ್ಕ ಯಾರ ಪೆಟ್ಟಿಗೆಗೆ ಬೀಳುತ್ತದೆ? ಅದೇ ಮಗು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೂ ಇಲ್ಲ. 1944ರಿಂದ ನಡೆದುಬಂದ ಈ ವಿದ್ಯಾರ್ಥಿವೇತನಕ್ಕೆ ಇಟ್ಟಿರುವ ಆದಾಯ ಮಿತಿ ಎರಡೂವರೆ ಲಕ್ಷ. ಅಪ್ಪ ಪೌರಕಾರ್ಮಿಕನಾಗಿ ಖಾಯಂ ಆದರೆ ಸಾಕು, ಮಗ 'ಶ್ರೀಮಂತ'ನಾಗಿಬಿಡುತ್ತಾನೆ.

2018ರಲ್ಲಿ ಕೇಂದ್ರ ಸರ್ಕಾರ 'ಶ್ರೇಷ್ಠ ಸಂಸ್ಥೆ'ಗಳನ್ನು ಆರಿಸಿದಾಗ ಅದರಲ್ಲಿ ಇನ್ನೂ ಕಟ್ಟಿಯೇ ಇರದ ಜಿಯೋ ಇನ್‌ಸ್ಟಿಟ್ಯೂಟ್ ಇತ್ತು. ಹುಟ್ಟದ ಕೂಸಿಗೆ ಕುಲಾವಿಯಲ್ಲ, ಕಿರೀಟ! ಅದಕ್ಕೆ ಹಿಂದಿನ ವರ್ಷ, 2017ರಲ್ಲಿ, ಕೆನರಾ ಬ್ಯಾಂಕಿನ ಜೊತೆ ಸೇರಿ 'ಹೆಫಾ' ಎಂಬ ಸಾಲ ಕೊಡುವ ಸಂಸ್ಥೆ ಕಟ್ಟಿದರು. ಸರ್ಕಾರಿ ವಿಶ್ವವಿದ್ಯಾಲಯಗಳು ಕಟ್ಟಡಕ್ಕೆ ಅನುದಾನದ ಬದಲು ಸಾಲ ತರಬೇಕು. ಸಾಲ ತೀರಿಸಲು ಶುಲ್ಕ ಏರುತ್ತದೆ. ಶುಲ್ಕ ಏರಿದರೆ ಮೊದಲು ಹೊರಬೀಳುವವರು ನಾವೇ. ರಾಷ್ಟ್ರೀಯ ವರಮಾನದಲ್ಲಿ ನೂರಕ್ಕೆ ಆರು ಪಾಲು ಶಿಕ್ಷಣಕ್ಕಿಡಿ ಎಂದು 1966ರಲ್ಲಿ ಕೊಠಾರಿ ಆಯೋಗ ಹೇಳಿತು. 2020ರ ಶಿಕ್ಷಣ ನೀತಿಯೂ ಅದೇ ಆರನ್ನು ಜಪಿಸಿತು. ಜಪ ಮಾತ್ರ.

ಇನ್ನೊಂದು ಪ್ರಶ್ನೆ ನಮ್ಮೊಳಗಿಂದಲೇ ಬರುತ್ತದೆ: 'ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಜಾತಿ ಇಲ್ಲವಾ? ರೋಹಿತ್ ವೇಮುಲ ಸತ್ತದ್ದು ಎಲ್ಲಿ?' ನಿಜ. 2016ರ ಜನವರಿ 17ರಂದು ರೋಹಿತ್‌ನನ್ನು ಕಳೆದುಕೊಂಡದ್ದು ಕೇಂದ್ರ ವಿಶ್ವವಿದ್ಯಾಲಯವೊಂದರಲ್ಲೇ. ವೈವಾದಲ್ಲಿ ಅಡ್ಡಹೆಸರು ಕೇಳಿ ಅಂಕ ಹಾಕುವವರು ಅಲ್ಲಿದ್ದಾರೆ. ಗೈಡ್ ಸಿಗದೆ ವರ್ಷಗಟ್ಟಲೆ ಅಲೆಯುವ ನಮ್ಮವರೂ ಅಲ್ಲಿದ್ದಾರೆ. ಆದರೆ ಅಲ್ಲಿ ರೋಸ್ಟರ್ ಇದೆ, ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಗೇಟಿನ ಮುಂದೆ ಕೂತು ಧಿಕ್ಕಾರ ಕೂಗಬಹುದು. ರೋಹಿತ್‌ನ ಸಾವು ದೇಶವನ್ನೇ ಅಲುಗಿಸಿದ್ದು ಅವನ ಗೆಳೆಯರು ಒಳಗೇ ನಿಂತು ಕೂಗಿದ್ದರಿಂದ. ನಮ್ಮವರೇ ಇಲ್ಲದ ಕ್ಯಾಂಪಸ್ಸಿನಲ್ಲಿ ನಮ್ಮ ಮೇಲಾಗುವ ಅನ್ಯಾಯಕ್ಕೆ ಸಾಕ್ಷಿಯೂ ಇರುವುದಿಲ್ಲ. ಮನೆಯಲ್ಲಿ ಹಾವು ಹೊಕ್ಕಿದೆ ಎಂದು ಮನೆಗೇ ಬೆಂಕಿ ಹಚ್ಚುವುದಿಲ್ಲ, ಹಾವನ್ನು ಓಡಿಸುತ್ತೇವೆ.

ಕೇಂದ್ರದ 2021-22ರ ಸಮೀಕ್ಷೆ ಪ್ರಕಾರ ದೇಶದ 1,168 ವಿಶ್ವವಿದ್ಯಾಲಯಗಳಲ್ಲಿ ಸರ್ಕಾರದವು ನೂರಕ್ಕೆ 58.6. ಆದರೆ ವಿಶ್ವವಿದ್ಯಾಲಯಗಳಲ್ಲಿ ಓದುವವರಲ್ಲಿ ನೂರಕ್ಕೆ 73.7 ಮಂದಿ ಅಲ್ಲೇ ಇದ್ದಾರೆ. ಭಾರ ಹೊರುತ್ತಿರುವುದು ಯಾರು, ಬಿರುದು ಹೊರುತ್ತಿರುವುದು ಯಾರು ಎಂಬುದು ಸ್ಪಷ್ಟ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ಒಂದೇ ಒಂದು ಸರ್ಕಾರಿ ವಿಶ್ವವಿದ್ಯಾಲಯವನ್ನೂ ಮುಚ್ಚಕೂಡದು. ಕಟ್ಟಡ, ಗ್ರಂಥಾಲಯ, ಹೆಣ್ಣುಮಕ್ಕಳ ಹಾಸ್ಟೆಲ್ ಕೊಡಿ.
2. 15(5)ನೇ ವಿಧಿಯಂತೆ ಖಾಸಗಿ ಸಂಸ್ಥೆಗಳಲ್ಲಿ ಮೀಸಲಾತಿ ಕಾನೂನು ತನ್ನಿ. ಶುಲ್ಕದ ಹೊಣೆಯನ್ನೂ ಅದರಲ್ಲೇ ಬರೆಯಿರಿ. ಶುಲ್ಕ ಕಟ್ಟಲಾಗದವನಿಗೆ ಸೀಟು ಕೊಟ್ಟರೆ ಅದು ಮೀಸಲಾತಿಯಲ್ಲ, ಅಣಕ.
3. ವಿದ್ಯಾರ್ಥಿವೇತನದ ಆದಾಯ ಮಿತಿ ಏರಿಸಿ. ಹಣ ಕಾಲೇಜು ಶುರುವಾದಾಗ ಬರಲಿ, ಮುಗಿದ ಮೇಲಲ್ಲ.
4. ಅಧ್ಯಾಪಕರ ಖಾಲಿ ಹುದ್ದೆಗಳನ್ನು, ಮೊದಲು ಬ್ಯಾಕ್‌ಲಾಗ್ ಹುದ್ದೆಗಳನ್ನು, ಖಾಯಂ ಆಗಿ ತುಂಬಿ.

ಗೆಳೆಯರೇ, ಬಾಬಾಸಾಹೇಬರು ವಿದೇಶಕ್ಕೆ ಹೋದದ್ದು ಬರೋಡದ ಮಹಾರಾಜರ ವಿದ್ಯಾರ್ಥಿವೇತನದಲ್ಲಿ. ಎಲ್ಲರಿಗೂ ಮಹಾರಾಜ ಸಿಗುವುದಿಲ್ಲ ಎಂದು ಗೊತ್ತಿದ್ದರಿಂದಲೇ ಅವರು 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು, ಸಂವಿಧಾನದಲ್ಲಿ ನಮಗೆ ಹಕ್ಕು ಬರೆದರು. ಮರಾಠವಾಡ ವಿಶ್ವವಿದ್ಯಾಲಯಕ್ಕೆ ಅವರ ಹೆಸರು ಬರಲು 1978ರಿಂದ 1994ರವರೆಗೆ ದಲಿತರು ಹೋರಾಡಿದರು, ಮನೆ ಸುಡಿಸಿಕೊಂಡರು, ಜೀವ ಕೊಟ್ಟರು. ಹೆಸರಿಗೇ ಅಷ್ಟು ಹೋರಾಡಿದ ಜನ ನಾವು, ವಿಶ್ವವಿದ್ಯಾಲಯವನ್ನೇ ಕಸಿದುಕೊಳ್ಳುವಾಗ ಸುಮ್ಮನಿರೋಣವೇ?

ಈ ಹಾಳೆ ಓದಿ ಮಡಚಿ ದಿಂಬಿನ ಕೆಳಗೆ ಇಡಬೇಡಿ. ಪಕ್ಕದ ರೂಮಿಗೆ ಕೊಡಿ. ಇಂದು ರಾತ್ರಿ ಊಟವಾದ ಮೇಲೆ ಹಾಸ್ಟೆಲ್ ಹಜಾರದಲ್ಲಿ ಸೇರಿ, ನಿಮ್ಮ ಕಾಲೇಜಿನಲ್ಲಿ ಎಷ್ಟು ಹುದ್ದೆ ಖಾಲಿ, ಎಷ್ಟು ಜನರ ವಿದ್ಯಾರ್ಥಿವೇತನ ಬಾಕಿ ಎಂದು ಪಟ್ಟಿ ಮಾಡಿ. ಆ ಪಟ್ಟಿ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ನಡೆಯೋಣ.

ಜೈ ಭೀಮ್.