ಚಳಿಗೆ ಟಾನಿಕ್ ಬೇಡ, ತಳಿ ನೋಡಿ, ತಾರೀಕು ನೋಡಿ

ಬೇಸಿಗೆ ಭತ್ತಕ್ಕೆ ಒಟ್ಲು ಹಾಕೋ ಟೈಮು ಬಂತು. ಬೇಲೂರು, ಹಳೇಬೀಡು ಕಡೆ ಕೆರೆ ಕೆಳಗಿನ ಗದ್ದೆಯಲ್ಲಿ ಡಿಸೆಂಬರ್ ಚಳಿಗೆ ಸಸಿ ಹಳದಿಯಾಗಿ ಮೇಲೇಳಲ್ಲ. ಅಂಗಡಿಗೆ ಹೋದ್ರೆ "ಚಳಿ ತಡೆಯೋ ಟಾನಿಕ್" ಅಂತ ಬಾಟಲಿ ಕೊಡ್ತಾರೆ. ನಾನು ಹೇಳೋದಿಷ್ಟೆ: ಚಳಿ ತಡೆಯೋ ಗುಣ ಬಾಟಲಿಯಿಂದ ಬರಲ್ಲ, ಬೀಜದಲ್ಲೇ ಇರಬೇಕು.

ಅರಸೀಕೆರೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಗಟ್ಟಿ ಆಗುತ್ತೆ, ಹುಚ್ಚೆಳ್ಳೆಣ್ಣೆ ಆಗಲ್ಲ. ಎರಡರಲ್ಲಿರೋ ಕೊಬ್ಬಿನ ಜಾತಿ ಬೇರೆ. ಪೈರಿನ ಜೀವಕೋಶದ ಪೊರೆಯೂ ಕೊಬ್ಬಿನದೇ. ಚಳಿಗೆ ಅದು ಬಿಗಿದುಕೊಂಡರೆ ಒಳಗಿನ ಕೆಲಸ ಕೆಡುತ್ತೆ. ಹಿಮ ಬೀಳೋ ದೇಶದ ಗೋಧಿಯಲ್ಲಿ, ಚಳಿ ಮೆಲ್ಲಗೆ ಏರಿದಂಗೆ ಸಿಬಿಎಫ್ ಅನ್ನೋ ಜೀನ್‌ಗಳು ಚುರುಕಾಗ್ತವೆ. ಆಗ ಪೊರೆಯ ಕೊಬ್ಬು ಬದಲಾಗುತ್ತೆ, ಕೋಶದಲ್ಲಿ ಸಕ್ಕರೆ, ಪ್ರೋಲಿನ್ ಸೇರ್ತವೆ. ಹಂಗಾಗಿ ಅದು ಹಿಮದ ಕೆಳಗೂ ಬದುಕುತ್ತೆ. ಭತ್ತ, ರಾಗಿ ಬೆಚ್ಚನೆ ನಾಡಿನ ಪೈರು, ಅಷ್ಟು ತಡೆಯೋ ಶಕ್ತಿ ಇಲ್ಲ. ನಮ್ಮಲ್ಲಿ ಹಿಮ ಕಟ್ಟದಿದ್ದರೂ ಚಳಿಯೇ ಸಾಕು.

ಭತ್ತದಲ್ಲೂ ತಳಿಯಿಂದ ತಳಿಗೆ ವ್ಯತ್ಯಾಸ ಇದೆ. ಜಪಾನಿ ಜಾತಿಯ ಭತ್ತ ಚಳಿ ತಡೆಯೋದಕ್ಕೆ ಕೋಲ್ಡ್-1 ಅನ್ನೋ ಜೀನ್ ಒಂದು ಕಾರಣ ಅಂತ ಚೀನಾದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಇಂಥ ಗುಣ ಬರೋದು ತಳಿ ಕೂಡಿಸೋದ್ರಿಂದ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟಿದ್ದೂ ಹಂಗೇ.

ಇನ್ನೊಂದು ಮಾತು. ಸಸಿಯಲ್ಲಿ ಚಳಿ ತಡೆಯೋ ತಳಿ ಹೊಡೆಯಲ್ಲೂ ತಡೆಯುತ್ತೆ ಅಂತ ನಂಬಬೇಡಿ, ಎರಡೂ ಬೇರೆ ಗುಣ. ಹೊಡೆ ಇರೋವಾಗ ರಾತ್ರಿ ಚಳಿ ಹೆಚ್ಚಾದ್ರೆ ಪರಾಗ ಕೆಟ್ಟು ತೆನೆಯೆಲ್ಲ ಜೊಳ್ಳು. ಅದಕ್ಕೇ ಜಪಾನಿನ ಹೊಕ್ಕೈಡೋ ರೈತರು ಆ ಟೈಮಲ್ಲಿ ಗದ್ದೆಗೆ ಆಳವಾಗಿ ನೀರು ಕಟ್ತಾರೆ, ರಾತ್ರಿ ನೀರು ಬಿಸಿ ಹಿಡಿದಿಡುತ್ತೆ.

ಒಟ್ಲಿಗೂ ಇದೇ ಲೆಕ್ಕ. ಸಂಜೆ ನೀರು ಕಟ್ಟಿ, ಬೆಳಿಗ್ಗೆ ತಣ್ಣೀರು ಬಸಿದುಬಿಡಿ. ಬೋರ್ ನೀರಿದ್ರೆ ಇನ್ನೂ ಒಳ್ಳೇದು, ಚಳಿಗಾಲದ ಬೆಳಿಗ್ಗೆ ಅದು ಕೆರೆ ನೀರಿಗಿಂತ ಬೆಚ್ಚಗಿರುತ್ತೆ. ಚಳಿ ಮಣ್ಣಲ್ಲಿ ಬೇರು ಸತು ಸರಿಯಾಗಿ ಎಳೆಯಲ್ಲ. ಸತುವಿನ ಕೊರತೆ ಅಂತ ಖಾತ್ರಿಯಾದ್ರೆ ಜಿಂಕ್ ಸಲ್ಫೇಟ್ ಕೊಡಿ, ಅದು ಬೇರೆ ವಿಷಯ.

ರಾಗಿಯವರೂ ಕೇಳಿ. ಆಗಸ್ಟ್ ಕೊನೆಗೆ ಮಳೆ ಬಂದಾಗ 120 ದಿನ ದಾಟೋ ಎಂಆರ್-6 ಬಿತ್ತಿದ್ರೆ ತೆನೆ ಚಳಿಗೂ ಸಿಗುತ್ತೆ, ತೇವಾನೂ ಇರಲ್ಲ. 100 ದಿನದೊಳಗೆ ಬರೋ ಜಿಪಿಯು-48 ಥರದ್ದು ಆಗ ಸರಿ.

ಬೀಜ ಕೊಳ್ಳುವಾಗ ಇಳುವರಿ ಒಂದೇ ಕೇಳಬೇಡಿ. "ಸಸಿಯಲ್ಲಿ ಚಳಿ ತಡೆಯುತ್ತಾ, ಹೊಡೆಯಲ್ಲಿ ತಡೆಯುತ್ತಾ" ಅಂತ ಎರಡೂ ಕೇಳಿ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಇದನ್ನೇ ಕೇಳಿ. ನಾವು ಕೇಳ್ತಾ ಹೋದ್ರೆ ತಾನೆ ನಮ್ಮ ಚಳಿಗೆ ಹೊಂದೋ ತಳಿ ನಮ್ಮ ಗದ್ದೆಯಲ್ಲೇ ಪರೀಕ್ಷೆ ಆಗೋದು? ಬಾಟಲಿಗೆ ಹಾಕೋ ದುಡ್ಡು ಒಳ್ಳೆ ಬೀಜಕ್ಕೆ ಹಾಕಿ.