ಹಿಡಿದು ಬಿಟ್ಟ ಮೀನು ಬದುಕುತ್ತದೆಯೇ?

ಗಾಳ ಬಿಡಿಸಿ ನೀರಿಗೆ ಬಿಟ್ಟರೆ ಮೀನಿಗೆ ಏನೂ ಆಗುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಿರಮಿಶಿ ನದಿಯಲ್ಲಿ ಹವ್ಯಾಸಕ್ಕೆ ಗಾಳ ಹಾಕುವವರು 2015ರಿಂದ ಸಾಲ್ಮನ್ ಮೀನನ್ನು ಇಟ್ಟುಕೊಳ್ಳುವಂತಿಲ್ಲ, ಹಿಡಿದದ್ದನ್ನು ಬಿಡಲೇಬೇಕು. ಬೇಸಿಗೆಯಲ್ಲಿ ಅದೂ ಸಾಲದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವುದು ಮಾತ್ರ ಹೆಚ್ಚು. ಗಾಳಕ್ಕೆ ಸಿಕ್ಕಿ ಒದ್ದಾಡಿ ಸುಸ್ತಾದ ಮೀನು ಚೇತರಿಸಿಕೊಳ್ಳಲಾಗದೆ ಆಮೇಲೆ ಸಾಯಬಹುದು. ನಮ್ಮ ಕಣ್ಣಿಗೆ ಬೀಳುವುದು ಅದು ಈಜಿ ಹೋಗಿದ್ದಷ್ಟೇ! ಹಾಗಾಗಿ ನೀರಿನ ಕನಿಷ್ಠ ತಾಪಮಾನವೇ ಸತತ 2 ದಿನ 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಸಾಲ್ಮನ್‌ಗಳು ತಂಪಿಗಾಗಿ ಗುಂಪುಗೂಡುವ ಮಡುಗಳಲ್ಲಿ ಗಾಳ ಹಾಕುವುದನ್ನೇ ನಿಲ್ಲಿಸುತ್ತಾರೆ. ಗರಿಷ್ಠವನ್ನು ಬಿಟ್ಟು ಕನಿಷ್ಠವನ್ನು ನೋಡುವುದು ಸರಿ ಎಂದೇ ನಮಗನಿಸುತ್ತದೆ: ಬಿಸಿಲಿಗೆ ಬಳಲಿದ ಮೀನು ಸುಧಾರಿಸಿಕೊಳ್ಳುವುದು ರಾತ್ರಿ ನದಿ ತಣಿದಾಗಲೇ.